ದೇವರನ್ನು ನಂಬದವರಿಗೆ ಬೆಟ್ಟದ ಮೇಲೆ ಅಳು ಯಾಕೆ?

ರಘು ಅಂತ ಇಟ್ಟುಕೊಳ್ಳೋಣ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ನಲವತ್ತರ ಹತ್ತಿರ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ರಜೆ ಸಿಕ್ಕರೆ ಹಳ್ಳಿ ಶಾಲೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡುತ್ತಾರೆ. ಉರಿಯುವ ಕರ್ಪೂರವನ್ನು ನಾಲಿಗೆ ಮೇಲಿಟ್ಟು, ಬಾಯಿ ಮುಚ್ಚಿ ಆರಿಸಿ, ಇದರಲ್ಲಿ ದೇವರೂ ಇಲ್ಲ ದೆವ್ವವೂ ಇಲ್ಲ ಅಂತ ಮಕ್ಕಳಿಗೆ ತೋರಿಸುವವರು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದರಲ್ಲ, ಆ ಕಥೆ ಇವರಿಗೆ ಬಾಯಿಪಾಠ.

ಇಂಥವರು ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದು ಕೂತು, ಬಾಗಿಲು ಹಾಕಿದೆಯಾ ಅಂತ ತಿರುಗಿ ನೋಡಿ ಹೇಳಿದರು: "ಮೇಡಂ, ಸಾವನದುರ್ಗ ಹತ್ತಿ ನಿಂತರೆ ನಾನು ಅನ್ನೋದೇ ಇಲ್ಲ ಅನ್ನಿಸುತ್ತೆ. ಬಂಡೆ, ಗಾಳಿ, ನಾನು, ಎಲ್ಲಾ ಒಂದೇ. ಅಳು ಬಂದುಬಿಡುತ್ತೆ. ನಮ್ಮ ಗೆಳೆಯರಿಗೆ ಗೊತ್ತಾದ್ರೆ ಮುಖ ಹೇಗೆ ತೋರಿಸಲಿ?"

ಅಷ್ಟೇ ಆಗಿದ್ದರೆ ನನ್ನ ಹತ್ತಿರ ಬರುತ್ತಿರಲಿಲ್ಲ. ಆ ಅನುಭವ ಇನ್ನೂ ಬೇಕು ಅನ್ನಿಸಿ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿದ್ದಾರೆ. ನಾಲ್ಕನೇ ದಿನ ಕಣ್ಣು ಮುಚ್ಚಿ ಕೂತಾಗ ಮೈ ನಡುಗತೊಡಗಿತು. ಮೂಗಿಗೆ ಸಾರಾಯಿ ಪ್ಯಾಕೆಟ್ಟಿನ ವಾಸನೆ ಬಡಿಯಿತು. ಅಲ್ಲಿ ಸಾರಾಯಿ ಎಲ್ಲಿಂದ ಬರಬೇಕು? ಎದ್ದು ಮನೆಗೆ ಬಂದವರಿಗೆ ಆಮೇಲೆ ರಾತ್ರಿ ನಿದ್ದೆಯೇ ಇಲ್ಲ.

ವಾಸನೆ ಅಪ್ಪನದು. ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದರು, ಅಡ್ಡ ಬಂದರೆ ಇವರಿಗೂ ಬೀಳುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಮಾಲೆ ಇರುವಷ್ಟು ದಿನ ಕುಡಿತ ಇಲ್ಲ, ಕೈ ಎತ್ತುವುದಿಲ್ಲ. ಬೆಳಗ್ಗೆ ತಣ್ಣೀರು ಸ್ನಾನ, ಸಂಜೆ ಭಜನೆ. ಮಗನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ ಮತ್ತೆ ಅದೇ ಹಾಡು. ಈ ಸಲ ಮಾಲೆ ತೆಗೆಯದ ಹಾಗೆ ಮಾಡಪ್ಪ ಅಂತ ಹುಡುಗ ಪ್ರತಿ ವರ್ಷ ಬೇಡಿಕೊಳ್ಳುತ್ತಿದ್ದ. ಹನ್ನೆರಡನೇ ವಯಸ್ಸಿಗೆ ಬೇಡುವುದನ್ನೇ ಬಿಟ್ಟ.

ಏಟು ಬೀಳುವಾಗ ಹುಡುಗ ಹೆಂಚಿನ ಸಂದಿಯಿಂದ ಇಳಿಯುವ ಬೆಳಕಿನ ಕೋಲನ್ನೇ ನೋಡುತ್ತಿದ್ದ. ಅದರಲ್ಲಿ ಧೂಳು ತೇಲುತ್ತಿತ್ತು. ನೋಡ್ತಾ ನೋಡ್ತಾ ಮೈ ಹಗುರವಾಗಿ, ಅಮ್ಮನ ಕೂಗು ಪಕ್ಕದ ಊರಿಂದ ಬಂದ ಹಾಗೆ ಕೇಳುತ್ತಿತ್ತಂತೆ. ಇದಕ್ಕೆ ನಾವು ಡಿಸೋಸಿಯೇಷನ್ ಅನ್ನುತ್ತೇವೆ. ಓಡಿಹೋಗಲು ಆಗದ ಮಗುವಿನ ಮನಸ್ಸು ತಾನೊಂದೇ ಹೊರಗೆ ಹೋಗಿಬಿಡುತ್ತದೆ. ಹಾಗೆ ಹೋಗುವುದು ರೂಢಿಯಾದವರಲ್ಲಿ ಕೆಲವರಿಗೆ ದೊಡ್ಡವರಾದ ಮೇಲೂ ಸಂಗೀತ, ಕಾಡು, ರಾತ್ರಿಯ ಆಕಾಶ ಇಂಥದರಲ್ಲಿ ಕರಗುವುದು ಸುಲಭ. ಅದಕ್ಕೆ ದೇವರನ್ನು ನಂಬಲೇಬೇಕು ಅಂತಿಲ್ಲ.

"ನಮ್ಮ ಬೀದೀಲಿ ಎಲ್ಲರ ಮನೆಯಲ್ಲೂ ಇದೇ ಇತ್ತು ಮೇಡಂ, ಇದೂ ಒಂದು ಆಘಾತನಾ?" ಅಂದರು. ಎಲ್ಲರ ಮನೆಯಲ್ಲೂ ಇತ್ತು ಅಂದ ಮಾತ್ರಕ್ಕೆ ನೋವು ಕಡಿಮೆಯಾಗುತ್ತಾ? ಅಂಕಿ ಕೇಳಿದರೆ ಒಪ್ಪುವ ಮನುಷ್ಯ ಅಂತ, ಬಾಲ್ಯದ ಕಷ್ಟಗಳ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನದ ವಿಷಯ ಹೇಳಿದೆ. ಫೆಲಿಟಿ ಮತ್ತು ಆಂಡಾ ಅನ್ನುವ ವೈದ್ಯರು 1998ರಲ್ಲಿ ಅದರ ಮೊದಲ ವರದಿ ಕೊಟ್ಟರು. ಒಟ್ಟು 17,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಜನ ಬಾಲ್ಯದಲ್ಲಿ ಇಂಥ ಒಂದಾದರೂ ಕಷ್ಟ ಕಂಡವರು. ಕಷ್ಟಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆಯೂ ಹೆಚ್ಚು.

ಹಾಗಾದರೆ ಬೆಟ್ಟದ ಮೇಲಿನದು ಸುಳ್ಳಾ? ಇಂಥದ್ದನ್ನು ನೆಂಟರ ಹತ್ತಿರ ಹೇಳಿದರೆ "ದೇವರು ಕರೀತಿದ್ದಾನೆ" ಅನ್ನುತ್ತಾರೆ. ವಿಚಾರವಾದಿ ಗೆಳೆಯರಿಗೆ ಹೇಳಿದರೆ "ಮೆದುಳಿನ ಕೆಮಿಕಲ್, ಬಿಡಿ". ಎರಡಕ್ಕೂ ನನ್ನ ಒಪ್ಪಿಗೆಯಿಲ್ಲ. ಎರಡೂ ಮಾತು ಮುಗಿಸುವ ಅವಸರದ್ದು. ನಾನು ಕೇಳಿದ್ದು ಇಷ್ಟೇ: ಬೆಟ್ಟ ಇಳಿದು ಮನೆಗೆ ಹೋದ ಮೇಲೆ ಹೆಂಡತಿ, ಮಗಳ ಜೊತೆ ಹೆಚ್ಚು ಬೆರೆಯುತ್ತೀರಾ, ಕಡಿಮೆಯಾ?

ಬಹಳ ಹೊತ್ತು ಸುಮ್ಮನಿದ್ದರು. ಬೆಟ್ಟಕ್ಕೆ ಹೋದ ದಿನ ಮಗಳ ಜೊತೆ ಆಟ ಜಾಸ್ತಿಯಂತೆ. ಆದರೆ ಹೆಂಡತಿ ದನಿ ಏರಿಸಿದರೆ ಅದೇ ಹಗುರತನ ಬರುತ್ತದೆ, ಅವರು ಹೇಳಿದ್ದು ಕಿವಿಗೇ ಬೀಳುವುದಿಲ್ಲ. "ನೀವು ಇಲ್ಲಿ ಇಲ್ಲವೇ ಇಲ್ಲ" ಅಂತ ಆಕೆ ಎಷ್ಟೋ ಸಲ ಅತ್ತಿದ್ದಾರೆ. ನಾವು ಕೆಲಸ ಶುರು ಮಾಡಿದ್ದು ಈ ಎರಡರ ವ್ಯತ್ಯಾಸದಿಂದ.

ಬೆಟ್ಟ ಬಿಡಬೇಡಿ ಅಂದೆ. ಆದರೆ ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುವುದು, ಮೌನ ಶಿಬಿರ ಸದ್ಯಕ್ಕೆ ಬೇಡ. ಹಳೆಯ ಏಟುಗಳಿರುವ ಕೆಲವರಿಗೆ ದೀರ್ಘ ಧ್ಯಾನದಲ್ಲಿ ಅವೆಲ್ಲ ಒಮ್ಮೆಲೇ ಮೇಲೆ ಬರುತ್ತವೆ, ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕೂರಲೇಬೇಕು ಅನ್ನಿಸಿದರೆ ಐದು ನಿಮಿಷ, ಕಣ್ಣು ತೆರೆದು, ಪಾದ ನೆಲಕ್ಕೆ ಊರಿ. ಮೈ ನಡುಗಿದರೆ ತಕ್ಷಣ ಏಳಬೇಕು. ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಬೇಕು. ಹೆಂಡತಿಯ ಜೊತೆ ಮಾತಾಡುವಾಗ ಮನಸ್ಸು ಜಾರಿತು ಅನ್ನಿಸಿದರೆ ಮುಚ್ಚಿಡದೆ, "ಸ್ವಲ್ಪ ದೂರ ಹೋಗಿಬಿಟ್ಟೆ, ಇನ್ನೊಂದ್ಸಲ ಹೇಳು" ಅನ್ನಬೇಕು. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ಹಳೆಯ ನೆನಪುಗಳಿಗೆ ಇಎಂಡಿಆರ್ ಅನ್ನುವ ಚಿಕಿತ್ಸೆ ಇದೆ (ನೋವಿನ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುವುದು), ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ನಿದ್ದೆ ಸರಿಹೋದ ಮೇಲೆ ತರಬೇತಿ ಪಡೆದವರಲ್ಲಿ ಅದನ್ನು ಶುರು ಮಾಡಿದ್ದಾರೆ. ಅಪರಾತ್ರಿ ಕಷ್ಟವಾದರೆ 14416, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್, ಕನ್ನಡದಲ್ಲೇ ಮಾತಾಡಬಹುದು.

ಆ ಅನುಭವಕ್ಕೆ ಹೆಸರಿಡುವ ಆತುರ ಬೇಡ ಅಂತಲೂ ಹೇಳಿದೆ. ಅಧ್ಯಾತ್ಮ ಅಂದರೆ ತಮ್ಮ ಬಳಗ ಬಿಟ್ಟುಹೋಗುತ್ತೆ, ಕಾಯಿಲೆ ಅಂದರೆ ಬೆಟ್ಟವೇ ಕೈಬಿಟ್ಟುಹೋಗುತ್ತೆ ಅನ್ನುವ ಭಯ ಅವರಿಗೆ. ದೇವರ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಗಿಲ್ಲ. ನಾನೂ ಆ ಗೋಜಿಗೆ ಹೋಗಿಲ್ಲ.

ನಿದ್ದೆ ಈಗ ಪರವಾಗಿಲ್ಲ. ಅಪ್ಪನ ವಿಷಯ ಮಾತ್ರ ಹಾಗೇ ಇದೆ. ಅವರಿಗೆ ವಯಸ್ಸಾಗಿದೆ, ಕುಡಿತ ಬಿಟ್ಟಿದ್ದಾರೆ, ಈ ಸಲ ಇರುಮುಡಿ ಕಟ್ಟುವ ದಿನ ಬಾ ಅಂತ ಮಗನಿಗೆ ಫೋನ್ ಮಾಡಿದ್ದಾರೆ. "ಹೋಗಬೇಕಾ ಮೇಡಂ?" ಅಂತ ಕೇಳಿದರು. ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಮೂವರೂ ಕೂತು ಮಾತಾಡೋಣ ಅಂದಿದ್ದೇನೆ.