ಓದುಗರ ಪ್ರಶ್ನೆ: ಪಿಂಗ್ ಹೋಗದಿದ್ದರೆ ಹುಡುಗರು ನನ್ನ ಮುಖ ನೋಡುತ್ತಾರೆ

ಪ್ರಶ್ನೆ: ಸಂಜೆ ಹೊತ್ತು ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಕ್ಲಾಸ್ ತೆಗೆದುಕೊಳ್ಳುತ್ತೇನೆ. ಡಿಪ್ಲೊಮಾ, ಬಿಸಿಎ ಹುಡುಗರೇ ಜಾಸ್ತಿ. ನೆಟ್‌ವರ್ಕ್ ಕೆಲಸವನ್ನು ಹಂತಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಲೇಯರ್ ಪಟಪಟ ಹೇಳುತ್ತಾರೆ. ಎರಡು ಪಿಸಿ ಮಧ್ಯೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಸಂದೇಶ) ಹೋಗದಿದ್ದರೆ ಮಾತ್ರ ಸುಮ್ನೆ ಕೂರುತ್ತಾರೆ. ಏನು ಮಾಡಲಿ?
– ಒಬ್ಬ ಮೇಷ್ಟ್ರು, ದಾವಣಗೆರೆ

ಉತ್ತರ: ನೀವು ಕೊಡುವ ಲ್ಯಾಬ್‌ಗಳೆಲ್ಲ ಸರಿಯಾಗಿ ಕೆಲಸ ಮಾಡುತ್ತವೆ, ಅಲ್ವಾ? ಅಲ್ಲೇ ಇದೆ ತೊಂದರೆ. ಶೀಟ್‌ನಲ್ಲಿರುವ ಕಮಾಂಡ್‌ಗಳನ್ನು ಸಾಲಾಗಿ ಟೈಪ್ ಮಾಡಿ, ಪಿಂಗ್ ಹೋಯ್ತು ಅಂತ ಎದ್ದು ಹೋಗುವ ಹುಡುಗನಿಗೆ ಒಂದು ಕೇಬಲ್ ಪೋರ್ಟ್ ಬದಲಾದರೂ ಕೈಕಾಲು ಆಡುವುದಿಲ್ಲ.

ಸಿಸ್ಕೋದ ನೆಟ್‌ವರ್ಕ್ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎರಡು ಸ್ವಿಚ್, ಒಂದು ರೂಟರ್, ನಾಲ್ಕು ಪಿಸಿ ಇಟ್ಟು ಎಲ್ಲ ಸರಿ ಮಾಡಿ, ಆಮೇಲೆ ನೀವೇ ಕೆಡಿಸಿ ಕೊಡಿ. ಒಂದು ದಿನ ಪಿಸಿಯ ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ರೂಟರ್‌ನ ವಿಳಾಸ) ತಪ್ಪಾಗಿರಲಿ. ಇನ್ನೊಂದು ದಿನ ರೂಟರ್ ಇಂಟರ್‌ಫೇಸ್‌ಗೆ ನೋ ಶಟ್‌ಡೌನ್ (ಅದನ್ನು ಆನ್ ಮಾಡುವ ಕಮಾಂಡ್) ಕೊಡದೆ ಬಿಡಿ. ಹಲವು ವಿಲ್ಯಾನ್‌ಗಳು (ಸ್ವಿಚ್‌ನೊಳಗೇ ಮಾಡಿಕೊಂಡ ಪ್ರತ್ಯೇಕ ನೆಟ್‌ವರ್ಕ್‌ಗಳು) ಸಾಗುವ ಟ್ರಂಕ್ ಲಿಂಕ್‌ನಿಂದ ವಿಲ್ಯಾನ್ 20 ತೆಗೆದುಹಾಕಿ. ಒಂದು ಸಲಕ್ಕೆ ಒಂದೇ ತಪ್ಪು. ರನ್ನಿಂಗ್ ಕಾನ್ಫಿಗ್ (ಈಗಿನ ಸೆಟ್ಟಿಂಗ್‌ಗಳ ಪೂರ್ತಿ ಪಟ್ಟಿ) ತೆಗೆದು ನೋಡುವಂತಿಲ್ಲ ಅಂತ ಷರತ್ತು ಹಾಕಿ, ಆಗ ಶೋ ಐಪಿ ಇಂಟರ್‌ಫೇಸ್ ಬ್ರೀಫ್, ಶೋ ಇಂಟರ್‌ಫೇಸಸ್ ಟ್ರಂಕ್ ತಾವಾಗಿಯೇ ಕೈಗೆ ಬರುತ್ತವೆ. ಪ್ರತಿ ಕಮಾಂಡ್‌ಗೂ ಮುಂಚೆ ಏನು ಕಾಣಬಹುದು ಅಂತ ಬಾಯಿಬಿಟ್ಟು ಹೇಳಿಸಿ.

ಇನ್ನೊಂದು. ಈಗಷ್ಟೇ ಆನ್ ಮಾಡಿದ ರೂಟರ್‌ನಿಂದ ಪಿಸಿಗೆ ಪಿಂಗ್ ಮಾಡಿದರೆ ಮೊದಲು ಒಂದು ಚುಕ್ಕಿ (ಉತ್ತರ ಬರಲಿಲ್ಲ), ಆಮೇಲೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ (ಉತ್ತರ ಬಂತು) ಬರುತ್ತವೆ. "ಅದು ಹಾಗೇ ಬರೋದು" ಅಂತ ಮುಂದೆ ಹೋಗಬೇಡಿ. ರೂಟರ್‌ಗೆ ಪಿಸಿಯ ಐಪಿ ವಿಳಾಸ ಗೊತ್ತು, ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಗೊತ್ತಿಲ್ಲ. ಎಆರ್‌ಪಿ ಮೂಲಕ "ಈ ಐಪಿಯ ಮ್ಯಾಕ್ ಯಾವುದು" ಅಂತ ಕೇಳಿ ಉತ್ತರ ಬರುವಷ್ಟರಲ್ಲಿ ಮೊದಲ ಪ್ಯಾಕೆಟ್ ಕೈಬಿಟ್ಟಿರುತ್ತದೆ. ಸಿಮ್ಯುಲೇಷನ್ ಮೋಡ್‌ನಲ್ಲಿ ನಿಧಾನಕ್ಕೆ ತೋರಿಸಿ: ಕೇಳಿದ್ದು ಸ್ವಿಚ್‌ನ ಉಳಿದ ಎಲ್ಲ ಪೋರ್ಟ್‌ಗೂ ಹೋಗುತ್ತದೆ, ಉತ್ತರ ನೇರ ರೂಟರ್‌ಗೆ ಬರುತ್ತದೆ. ಬ್ರಾಡ್‌ಕಾಸ್ಟ್, ಯೂನಿಕಾಸ್ಟ್, ಮ್ಯಾಕ್ ಟೇಬಲ್, ಬಾಯಿಪಾಠ ಮಾಡಿದ ಆ ಲೇಯರ್ 2, ಲೇಯರ್ 3 ಎಲ್ಲವೂ ಕಣ್ಣೆದುರೇ ಇರುತ್ತವೆ. ಮತ್ತೆ ಪಿಂಗ್ ಮಾಡಿಸಿ, ಐದಕ್ಕೆ ಐದು. ಈಗ ಯಾಕೆ ಚುಕ್ಕಿ ಇಲ್ಲ ಅಂತ ಅವರೇ ಹೇಳಲಿ.

ಪ್ರಶ್ನೆ: ಸಬ್‌ನೆಟ್ಟಿಂಗ್‌ನಲ್ಲಿ (ಒಂದು ನೆಟ್‌ವರ್ಕನ್ನು ಚಿಕ್ಕ ಭಾಗಗಳಾಗಿ ಒಡೆಯುವ ಲೆಕ್ಕ) ನಮ್ಮ ವಿದ್ಯಾರ್ಥಿಗಳು ತುಂಬಾ ನಿಧಾನ. ಪ್ರತಿ ಲೆಕ್ಕಕ್ಕೂ ಬೈನರಿ ಬರೆಯುತ್ತಾರೆ.
– ಉಪನ್ಯಾಸಕಿ, ಹುಬ್ಬಳ್ಳಿ

ಉತ್ತರ: ಬೈನರಿ ಅರ್ಥವಾಗುವವರೆಗೆ ಬೇಕು, ಆಮೇಲೆ ಬ್ಲಾಕ್ ಸೈಜ್ ಹಿಡಿಸಿ. 192.168.10.77/26 ತಗೊಳ್ಳಿ. /26 ಅಂದರೆ ಮಾಸ್ಕ್ 255.255.255.192. ಕೊನೇ ಅಂಕೆ 192, 256ರಲ್ಲಿ ಕಳೆದರೆ 64, ಇದೇ ಬ್ಲಾಕ್ ಸೈಜ್. ಹಾಗಾದರೆ ನೆಟ್‌ವರ್ಕ್‌ಗಳು 0, 64, 128, 192. 77 ಬೀಳುವುದು 64ರಲ್ಲಿ. ಬ್ರಾಡ್‌ಕಾಸ್ಟ್ 127, ಪಿಸಿಗಳಿಗೆ ಕೊಡಬಹುದಾದದ್ದು 65ರಿಂದ 126, ಒಟ್ಟು 62. ದಿನಾ ಕ್ಲಾಸ್ ಶುರುವಿಗೆ ಇಂಥವು ನಾಲ್ಕೈದು, ಜೊತೆಗೆ ಒಂದು ಉಲ್ಟಾ ಪ್ರಶ್ನೆ: 50 ಪಿಸಿ ಇರುವ ಆಫೀಸಿಗೆ ಯಾವ ಮಾಸ್ಕ್ ಸಾಕು? ವೇಗ ಬೇಕೇ ಬೇಕು: ಸಿಸಿಎನ್‌ಎ ಪರೀಕ್ಷೆ 120 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ, ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ವಾಪಸ್ ಬರುವಂತಿಲ್ಲ.

ಪ್ರಶ್ನೆ: ಎಲ್ಲರೂ ಡಂಪ್ (ಪರೀಕ್ಷೆಯಿಂದ ಸೋರಿಕೆಯಾದ ಪ್ರಶ್ನೋತ್ತರ) ಕೇಳುತ್ತಾರೆ. ಕೊಡಲೇ?
– ತರಬೇತುದಾರ, ಮೈಸೂರು

ಉತ್ತರ: ಬೇಡ. ಪರೀಕ್ಷೆಯ ಫೀಸು 300 ಡಾಲರ್, ಮೇಲೆ ತೆರಿಗೆ. ಫೇಲಾದರೆ ಮನೆಯಲ್ಲಿ ಏನು ಹೇಳುವುದು ಎನ್ನುವ ಭಯ ನಿಜವೇ. ಆದರೆ ಸಿಕ್ಕಿಬಿದ್ದರೆ ಸಿಸ್ಕೋ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಸಿಕ್ಕಿಬೀಳದವನೂ ಇಂಟರ್‌ವ್ಯೂನಲ್ಲಿ "ಗೇಟ್‌ವೇ ಪಿಂಗ್ ಆಗ್ತಿದೆ, ಇಂಟರ್‌ನೆಟ್‌ನಲ್ಲಿರೋ 8.8.8.8 ಕೂಡ ಆಗ್ತಿದೆ, ವೆಬ್‌ಸೈಟ್ ಮಾತ್ರ ತೆರೆಯುತ್ತಿಲ್ಲ, ಮೊದಲು ಏನು ನೋಡ್ತೀಯ?" ಅಂದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಅನ್ನಲೂ ತಡವರಿಸುತ್ತಾನೆ. ಡಂಪ್ ಬದಲು ಸಿಸ್ಕೋದ್ದೇ ಸಿಲಬಸ್ ಪ್ರಿಂಟ್ ತೆಗೆದು ಕೊಡಿ. ರೂಟಿಂಗ್ ಭಾಗಕ್ಕೆ ಶೇ. 25 ತೂಕ ಇದೆ, ಸಮಯ ಅಲ್ಲಿಗೆ ಹೋಗಲಿ. ಆಟೊಮೇಷನ್ ಶೇ. 10 ಮಾತ್ರ, ಆದರೂ ಒಂದು ಜೇಸನ್ (JSON, ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪ) ತುಣುಕು ಓದಲು ಕಲಿಸಿ. ಅದು ಒಂದು ಸಂಜೆಯ ಕೆಲಸ.