ಮನೆಯ ಧಾರ್ಮಿಕ ಆಚರಣೆ ಮಕ್ಕಳಿಗೆ ಹೇಗೆ ದಾಟುತ್ತದೆ?

ಹೇಳಿಕೊಟ್ಟು ಬರುವುದು ಸ್ವಲ್ಪ, ನೋಡಿ ಬರುವುದೇ ಜಾಸ್ತಿ. ಪ್ರಾರ್ಥನೆಯೋ ಉಪವಾಸವೋ, ಅದಕ್ಕಾಗಿ ಅಪ್ಪ ಅಮ್ಮ ತಮ್ಮ ನಿದ್ದೆ, ದುಡ್ಡು, ಸಮಯ ಬಿಡುವುದನ್ನು ಮಕ್ಕಳು ಗಮನಿಸುತ್ತಲೇ ಇರುತ್ತಾರೆ. ಬಾಯಲ್ಲಿ ಒಂದು, ನಡೆಯಲ್ಲಿ ಇನ್ನೊಂದು ಇದ್ದರೆ ಅದೂ ಗೊತ್ತಾಗುತ್ತದೆ, ಅಲ್ವಾ?

ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರ ಸುಮಾರಿಗೆ ಶುರು ಮಾಡಿದ ಅಧ್ಯಯನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 350ಕ್ಕೂ ಹೆಚ್ಚು ಕುಟುಂಬಗಳನ್ನು ದಶಕಗಳ ಕಾಲ ಗಮನಿಸಿತು. ತಂದೆತಾಯಿ, ಅದರಲ್ಲೂ ತಂದೆ, ಮಕ್ಕಳ ಜೊತೆ ಆಪ್ತವಾಗಿದ್ದ ಮನೆಗಳಲ್ಲಿ ನಂಬಿಕೆ ಹೆಚ್ಚಾಗಿ ಮುಂದುವರಿದಿತ್ತು. ತೀರಾ ಒತ್ತಾಯ ಮಾಡಿದರೆ ಮಕ್ಕಳು ದೂರ ಸರಿಯುತ್ತಿದ್ದರು. ಅದಕ್ಕೇ ಮಗು ‘ಯಾಕೆ?’ ಎಂದರೆ ದಯವಿಟ್ಟು ಗದರಬೇಡಿ, ಗೊತ್ತಿದ್ದಷ್ಟು ಹೇಳಿ.

ಅಜ್ಜ ಅಜ್ಜಿಯರ ಪಾತ್ರವೂ ದೊಡ್ಡದು. ಅಪ್ಪ ಅಮ್ಮನ ಧರ್ಮ ಒಂದೇ ಆಗಿದ್ದರೆ ದಾಟುವ ಸಾಧ್ಯತೆ ಇನ್ನೂ ಹೆಚ್ಚು.