ದವಡೆ ವಾಲುತ್ತಿದೆ, ನುಂಗಲೂ ಕಷ್ಟ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಬಾಯಿ ತೆರೆದರೆ ಕೆಳದವಡೆ ಎಡಕ್ಕೆ ವಾಲಿ, ಕಿವಿಯ ಮುಂದೆ ಟಕ್ ಅಂತ ಸದ್ದಾಗಿ ಮತ್ತೆ ನಡುವಿಗೆ ಬರುತ್ತದೆ. ಬೆಳಗ್ಗೆ ಎದ್ದಾಗ ಮೇಲಿನ, ಕೆಳಗಿನ ಹಲ್ಲು ಸರಿಯಾಗಿ ಕೂರುವುದಿಲ್ಲ. ಈಗೀಗ ನುಂಗುವುದೂ ಕಷ್ಟವಾಗಿದೆ. ಎಲ್ಲಕ್ಕೂ ದವಡೆಯೇ ಕಾರಣವೇ? ಹಲ್ಲು ಸವೆಸಿ ಸರಿಮಾಡಿಸಿಕೊಳ್ಳಲೇ?

ಉತ್ತರ: ಮೊದಲು ಹಲ್ಲು ಸವೆಸುವ ಮಾತು ಬಿಡಿ. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಕಾರಣ ಗೊತ್ತಾಗುವ ಮುಂಚೆ ಅದಕ್ಕೆ ಕೈ ಹಾಕುವುದು ಬೇಡವೇ ಬೇಡ.

ದವಡೆಯ ಕೀಲಿನಲ್ಲಿ ಎರಡು ಮೂಳೆಗಳ ನಡುವೆ ಮೆತ್ತೆಯಂಥ ಒಂದು ಚಿಕ್ಕ ಡಿಸ್ಕ್ ಇರುತ್ತದೆ. ಒಂದು ಬದಿಯಲ್ಲಿ ಅದು ಮುಂದಕ್ಕೆ ಸರಿದಿದ್ದರೆ ಬಾಯಿ ತೆರೆಯುವಾಗ ದವಡೆ ಆ ಬದಿಗೆ ವಾಲುತ್ತದೆ. ಡಿಸ್ಕ್ ಜಾಗಕ್ಕೆ ಬಂದಾಗ ಟಕ್ ಅನ್ನುತ್ತದೆ. ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ. ಬೆಳಗ್ಗೆ ಹಲ್ಲು ಕೂರುವುದಿಲ್ಲ ಅಂದಿರಲ್ಲ, ಅದನ್ನು ಓದಿದಾಗ ನನಗೆ ಬಂದ ಅನುಮಾನ, ನೀವು ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರೇನೋ ಅಂತ. ರಾತ್ರಿಯಿಡೀ ದುಡಿದ ಸ್ನಾಯು ಬಿಗಿದುಕೊಂಡು ದವಡೆಯನ್ನು ಒಂದು ಕಡೆಗೆ ಎಳೆದು ಹಿಡಿಯುತ್ತದೆ. ಮನೆಯವರನ್ನು ಕೇಳಿ ನೋಡಿ. ಹೊಸ ಫಿಲ್ಲಿಂಗ್ ಅಥವಾ ಕ್ಯಾಪ್ ಎತ್ತರವಾಗಿದ್ದರೂ, ಗದ್ದಕ್ಕೆ ಪೆಟ್ಟು ಬಿದ್ದಿದ್ದರೂ, ಸಂಧಿವಾತವಿದ್ದರೂ ಹೀಗಾಗಬಹುದು.

ಇನ್ನು ನುಂಗುವ ವಿಚಾರ. ಬಾಯಿ ಸ್ವಲ್ಪ ತೆರೆದುಕೊಂಡೇ ಎಂಜಲು ನುಂಗಲು ನೋಡಿ. ಕಷ್ಟ ಅಲ್ವಾ? ನುಂಗುವಾಗ ನಾಲಿಗೆಯ ಬುಡದ ಹಯಾಯ್ಡ್ ಮೂಳೆಯೂ ಧ್ವನಿಪೆಟ್ಟಿಗೆಯೂ ಮೇಲೇರಬೇಕು. ಅವನ್ನು ಎಳೆಯುವ ಕೆಲವು ಸ್ನಾಯುಗಳ ಇನ್ನೊಂದು ತುದಿ ಇರುವುದು ಕೆಳದವಡೆಯಲ್ಲೇ. ದವಡೆ ಅಲುಗದೆ ನಿಂತರೆ ಅವುಗಳ ಕೆಲಸ ಸಲೀಸು. ದವಡೆ ನೋಯುತ್ತಿದ್ದರೆ ಪ್ರತಿ ಗುಟುಕಿಗೂ ಜಾಸ್ತಿ ಶ್ರಮ ಅನ್ನಿಸುತ್ತದೆ. ಸರಿಯಾಗಿ ಅಗಿಯಲಾಗದೆ ದೊಡ್ಡ ತುತ್ತು ಇಳಿಸುವುದೂ ಉಂಟು.

ಆದರೆ ಎಲ್ಲವನ್ನೂ ದವಡೆಯ ತಲೆಗೆ ಕಟ್ಟಬೇಡಿ. ನೀರು ಕುಡಿದರೆ ಕೆಮ್ಮು, ನೀರು ಮೂಗಿಗೆ ಬರುವುದು, ಊಟ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಸುಮ್ನೆ ತೂಕ ಇಳಿಯುವುದು, ಇವು ಕೀಲಿನ ತೊಂದರೆಯಿಂದ ಬರುವಂಥವಲ್ಲ. ಆಗ ಗಂಟಲು, ಅನ್ನನಾಳ, ನರ ಎಲ್ಲವನ್ನೂ ಪರೀಕ್ಷಿಸಬೇಕು. ಸಂಜೆಯಾದಂತೆ ಅಗಿಯಲು ಸುಸ್ತಾಗಿ, ಕಣ್ಣಿನ ರೆಪ್ಪೆ ಜೋತುಬಿದ್ದು, ಒಂದು ವಸ್ತು ಎರಡಾಗಿ ಕಂಡರೆ ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಔಷಧಿಗಳಿವೆ. ಬಾಯಲ್ಲಿ 3 ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು.

ಜ್ವರದ ಜೊತೆ ಬಾಯಿ ತೆರೆಯಲಾಗದೆ, ಗದ್ದದ ಕೆಳಗೆ ಊದಿ, ಎಂಜಲೂ ನುಂಗಲಾಗದಿದ್ದರೆ ಅದು ಹಲ್ಲಿನಿಂದ ಹರಡಿದ ಸೋಂಕಿರಬಹುದು. ಉಸಿರಾಟಕ್ಕೇ ಅಡ್ಡಿಯಾಗುತ್ತದೆ. ಬೆಳಗಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಮುಖ ಸೊಟ್ಟಗಾಗಿ ಮಾತು ತೊದಲಿದರೂ ಅಷ್ಟೇ, ಅದು ಪಾರ್ಶ್ವವಾಯು ಇರಬಹುದು.

ಇಂಥದ್ದೇನೂ ಇಲ್ಲದಿದ್ದರೆ ಸದ್ಯಕ್ಕೆ ಮೆತ್ತಗಿನ ಊಟ ಮಾಡಿ. ಚೂಯಿಂಗ್ ಗಮ್ ಬೇಡ. ಕೆನ್ನೆಗೆ ಬಿಸಿ ಶಾಖ ಕೊಡಿ. ಹಗಲು ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಈ ವಾರವೇ ದಂತವೈದ್ಯರಿಗೆ ತೋರಿಸಿ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಬೇಕೇ ಎಂದು ಅವರು ನೋಡುತ್ತಾರೆ. ನುಂಗುವ ಕಷ್ಟಕ್ಕೆ ಇಎನ್‌ಟಿ ವೈದ್ಯರನ್ನೂ ಕಾಣಿ. ಗಟ್ಟಿ ಆಹಾರ ಮಾತ್ರ ಕಷ್ಟವೋ, ನೀರೂ ಕಷ್ಟವೋ ಎಂದು ಗಮನಿಸಿಕೊಂಡು ಹೋಗಿ. ಮುಂದೆ ಯಾವ ಪರೀಕ್ಷೆ ಬೇಕು ಅನ್ನುವುದು ಬಹುಮಟ್ಟಿಗೆ ಆ ಉತ್ತರದ ಮೇಲೆಯೇ ನಿಂತಿರುತ್ತದೆ.